ಕೊಡಗಿನ ದಾರಿಯಲ್ಲಿ ಮಕ್ಕಳು: ಟ್ಯಾಬ್ ಕೊಡುವುದಾ, ಕಥೆ ಹಾಕುವುದಾ, ಆಟ ಆಡಿಸುವುದಾ?

ರಜೆ ಹತ್ತಿರ ಬಂತೆಂದರೆ ನನಗೆ ಒಂದೇ ತರದ ಫೋನುಗಳು ಬರತೊಡಗುತ್ತವೆ. "ಅಕ್ಕಾ, ಬೆಂಗಳೂರಿಂದ ಊರಿಗೆ ಬರ್ತಿದ್ದೀವಿ, ಒಂದು ಟ್ಯಾಬ್ ತಗೊಂಡ್ಬಿಡ್ಲಾ?" ಎಂದು ಒಬ್ಬಳು. "ರಾತ್ರಿ ಹೊರಟ್ರೆ ಮಕ್ಕಳು ಮಲಗ್ಬಿಡ್ತಾರೆ ಅಲ್ವಾ?" ಎಂದು ಇನ್ನೊಬ್ಬರು. ನಮ್ಮ ಮನೆ ಕೊಡಗಿನ ಮೂರ್ನಾಡಿನ ಹತ್ತಿರ. ನನ್ನ ತವರು ಬೆಂಗಳೂರು. ವರ್ಷಕ್ಕೆ ಆರೇಳು ಸಲವಾದರೂ ಆ ದಾರಿ ಹೋಗಿ ಬರುತ್ತೇವೆ. ಮಗಳಿಗೆ ಈಗ 9 ವರ್ಷ, ಮಗನಿಗೆ 4. ಹಾಗಾಗಿ ಕೇಳುತ್ತಾರೆ.

ಕೊಡಗಿಗೆ ರೈಲು ಇಲ್ಲ. ರೈಲಾದರೆ ಮಗು ಎದ್ದು ಓಡಾಡಬಹುದು, ಕಿಟಕಿ ಬದಲಾಯಿಸಬಹುದು, ಎದುರು ಕೂತವರ ಜೊತೆ ಮಾತಾಡಬಹುದು. ಕಾರಿನಲ್ಲಿ ಆ ಭಾಗ್ಯ ಇಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ಊಟ, ತಿಂಡಿ, ಟ್ರಾಫಿಕ್ ಎಲ್ಲ ಸೇರಿ 6 ಗಂಟೆ ಹಿಡಿದುಕೊಳ್ಳಿ. ಅಷ್ಟು ಹೊತ್ತು ಒಂದೇ ಜಾಗದಲ್ಲಿ ಬೆಲ್ಟ್ ಹಾಕಿಕೊಂಡು ಕೂರುವುದು ನಮಗೇ ಕಷ್ಟ. ಮಕ್ಕಳ ಪಾಡು ಕೇಳಬೇಕೇ?

ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಪ್ರಶ್ನೆ: ದಾರಿಯ ಯಾವ ಭಾಗಕ್ಕೆ?

ದಾರಿ ಒಂದೇ ಅಲ್ಲ, ಎರಡು

ಬೆಂಗಳೂರಿನಿಂದ ಮೈಸೂರಿನವರೆಗೆ ಹೆದ್ದಾರಿ ಸೀದಾ. ಮೈಸೂರು ದಾಟಿ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೂ ದೊಡ್ಡ ತೊಂದರೆ ಇಲ್ಲ. ಕುಶಾಲನಗರ ಬಿಟ್ಟು ಆನೆಕಾಡು ಹೊಕ್ಕ ಮೇಲೆ ಏರು ಶುರುವಾಗುತ್ತದೆ. ಸುಂಟಿಕೊಪ್ಪ ದಾಟಿದ ಮೇಲೆ ತಿರುವಿನ ಮೇಲೆ ತಿರುವು. ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರ್ ಅಷ್ಟೇ, ಆದರೆ ಮಕ್ಕಳ ಹೊಟ್ಟೆಯ ಪರೀಕ್ಷೆ ಆಗುವುದು ಅಲ್ಲಿಯೇ. ಮಂಗಳೂರು ಕಡೆಯಿಂದ ಬರುವವರಿಗೆ ಸಂಪಾಜೆ ಘಾಟಿ ಇದಕ್ಕಿಂತ ಜಾಸ್ತಿ. ಅಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಏರಬೇಕು.

ಸೀದಾ ದಾರಿಯಲ್ಲಿ ಮಕ್ಕಳಿಗೆ ಬೇಜಾರು. ತಿರುವಿನಲ್ಲಿ ಸಂಕಟ. ಎರಡೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ಎರಡಕ್ಕೂ ಹಿಡಿಯುವುದಿಲ್ಲ. ಟ್ಯಾಬ್ ಒಳ್ಳೆಯದಾ ಕೆಟ್ಟದ್ದಾ ಎಂಬ ಜಗಳ ಇದನ್ನು ಮರೆತಾಗಲೇ ಶುರುವಾಗುವುದು.

ಇನ್ನೊಂದು ವಿಷಯ ಗಮನಿಸಿ. ಬೆಂಗಳೂರಿನಿಂದ ಬರುವವರಿಗೆ ತಿರುವು ಕೊನೆಗೆ ಸಿಗುತ್ತದೆ. ಅಷ್ಟು ಹೊತ್ತಿಗೆ ಮಕ್ಕಳು ಸುಸ್ತಾಗಿರುತ್ತಾರೆ, ಹೊಟ್ಟೆ ತುಂಬಿರುತ್ತದೆ. ನಮ್ಮಂತೆ ಕೊಡಗಿನಿಂದ ಹೊರಡುವವರಿಗೆ ತಿರುವು ಮೊದಲೇ ಮುಗಿದುಹೋಗುತ್ತದೆ. ಅದೇ ರಸ್ತೆ, ಅದೇ ಕಾರು, ಆದರೆ ತಯಾರಿ ಮಾತ್ರ ತಲೆಕೆಳಗು.

ಯಾವುದನ್ನು ನೋಡಿ ಆರಿಸಬೇಕು

ನಾನು ಯಾವುದನ್ನೇ ಬ್ಯಾಗಿಗೆ ಹಾಕುವ ಮೊದಲು ನೋಡುವುದು ಇವು. ಮಗುವಿನ ಕಣ್ಣು ಕೆಳಗೆ ಹೋಗುತ್ತದೋ, ಹೊರಗೆ ಹೋಗುತ್ತದೋ? ಎಷ್ಟು ಹೊತ್ತು ಹಿಡಿದಿಡುತ್ತದೆ? ದೊಡ್ಡವರು ಯಾರಾದರೂ ಜೊತೆಗೆ ಕೂತು ನಡೆಸಬೇಕೋ, ಮಗು ತಾನೇ ನೋಡಿಕೊಳ್ಳುತ್ತದೋ? ಖರ್ಚು ಎಷ್ಟು? ಕೊನೆಯದು, ಗಾಡಿ ಓಡಿಸುವವರ ಗಮನ ಎಳೆಯುತ್ತದೋ?

ಇವುಗಳಲ್ಲಿ ಮೊದಲನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಕಾರಣ ಸುಲಭ. ನಮ್ಮ ಕಿವಿಯ ಒಳಗೆ ದೇಹದ ಚಲನೆಯನ್ನು ಗುರುತಿಸುವ ಭಾಗ ಇದೆ. ಕಾರು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು ಎಂದು ಅದು ಹೇಳುತ್ತಲೇ ಇರುತ್ತದೆ. ಪುಸ್ತಕಕ್ಕೋ ಪರದೆಗೋ ಅಂಟಿಕೊಂಡ ಕಣ್ಣು ಮಾತ್ರ ಏನೂ ಅಲುಗಾಡುತ್ತಿಲ್ಲ ಎನ್ನುತ್ತದೆ. ಎರಡು ಸುದ್ದಿ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. 2 ವರ್ಷದೊಳಗಿನ ಕೂಸುಗಳಿಗೆ ಅಪರೂಪ. ದೂರ ನೋಡುತ್ತಾ ಕೂತರೆ ಕಣ್ಣಿಗೂ ತಿರುವು ಕಾಣುತ್ತದೆ, ಸಂಕಟ ಕಡಿಮೆಯಾಗುತ್ತದೆ.

ಇದನ್ನು ನಾನು ಕಲಿತದ್ದು ಮಗಳಿಂದ. ಅವಳಿಗೆ ಆಗ 6 ವರ್ಷ. ಕುಶಾಲನಗರದಲ್ಲಿ ಹೊಟ್ಟೆ ತುಂಬಾ ಊಟ ಮಾಡಿಸಿ, ಕೈಗೆ ಟ್ಯಾಬ್ ಕೊಟ್ಟು ಹೊರಟೆವು. ಸುಂಟಿಕೊಪ್ಪದವರೆಗೆ ನಗುತ್ತಿದ್ದಳು. ಆಮೇಲೆ ಸುಮ್ಮನಾದಳು. ನಿದ್ದೆ ಬಂದಿರಬೇಕು ಎಂದುಕೊಂಡೆ. ಎರಡು ಸಲ ಆಕಳಿಸಿದಳು. ತುಟಿ ಬಿಳಿಚಿಕೊಂಡಿತ್ತು, ಮೇಲ್ದುಟಿಯ ಮೇಲೆ ಬೆವರಿನ ಹನಿ. ಪದೇ ಪದೇ ಉಗುಳು ನುಂಗುತ್ತಿದ್ದಳು. "ಅಮ್ಮಾ" ಎಂದಳು ಅಷ್ಟೇ. ಗಾಡಿ ನಿಲ್ಲಿಸಲು ಜಾಗ ಸಿಗುವ ಮೊದಲೇ ಎಲ್ಲ ಆಚೆ ಬಂತು. ಮಾತಾಡುವ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ, ಆಕಳಿಸಿದರೆ, ಮುಖ ಬಿಳಿಚಿಕೊಂಡರೆ ಕಾಯಬೇಡಿ. ಕೈಯಲ್ಲಿರುವುದನ್ನು ತೆಗೆದಿಡಿ, ಕಿಟಕಿ ಇಳಿಸಿ, ದೂರದ ಗುಡ್ಡ ತೋರಿಸಿ.

ಟ್ಯಾಬ್ ಮತ್ತು ಫೋನ್

ಹಿಡಿದಿಡುವ ಶಕ್ತಿಯಲ್ಲಿ ಇದಕ್ಕೆ ಸಾಟಿ ಇಲ್ಲ. ಒಂದು ಗಂಟೆ ಕಳೆದದ್ದೇ ಮಕ್ಕಳಿಗೆ ಗೊತ್ತಾಗುವುದಿಲ್ಲ. ದೊಡ್ಡವರು ನಡೆಸುವ ಕೆಲಸವೂ ಇಲ್ಲ. ಒಬ್ಬರೇ ಮಗುವನ್ನು ಹಿಂದೆ ಕೂರಿಸಿಕೊಂಡು ಗಾಡಿ ಓಡಿಸುವ ತಾಯಿಗೆ ಇದು ನಿಜವಾಗಿಯೂ ಆಸರೆ. ಅಂಥವರಿಗೆ ನಾನು ಬೇಡ ಎನ್ನುವುದಿಲ್ಲ.

ಆದರೆ ಕಣ್ಣು ಕೆಳಗೇ ಇರುತ್ತದೆ. ಹಾಗಾಗಿ ಇದು ಸೀದಾ ದಾರಿಯ ಸಾಮಾನು. ಬಿಡದಿ ದಾಟಿದ ಮೇಲೆ ಕೊಟ್ಟು ಮೈಸೂರಿನಲ್ಲಿ ತೆಗೆದಿಡಿ. ನಮ್ಮ ಮನೆಯ ನಿಯಮ ಇದೇ. ಊರಿನ ಹೆಸರು ಹೇಳಿ ಗಡಿ ಹಾಕಿದರೆ ಜಗಳ ಕಡಿಮೆ. "ಇನ್ನು ಹತ್ತು ನಿಮಿಷ" ಎಂದರೆ ಚಿಕ್ಕವರಿಗೆ ತಿಳಿಯುವುದಿಲ್ಲ. "ಮೈಸೂರು ಬೋರ್ಡ್ ಕಂಡ ಕೂಡಲೇ ಬಂದ್" ಎಂದರೆ ಅವರೇ ಬೋರ್ಡ್ ಹುಡುಕುತ್ತಾರೆ.

ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸುವ ಹೋಲ್ಡರ್ ಇದ್ದರೆ ಕುತ್ತಿಗೆ ಬಗ್ಗಿಸುವುದು ತಪ್ಪುತ್ತದೆ, ಸಂಕಟವೂ ಸ್ವಲ್ಪ ಕಡಿಮೆ. ಜೋರಾಗಿ ಬ್ರೇಕ್ ಹಾಕಿದಾಗ ಟ್ಯಾಬ್ ಹಾರಿ ಬಡಿಯುವ ಭಯವೂ ಇಲ್ಲ. ಬಿಗಿಯಾಗಿ ಕಟ್ಟಿರಬೇಕು, ಅಷ್ಟೇ. ವಿಡಿಯೋಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೊಡಗಿನ ಒಳಗೆ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಕಥೆ ಅರ್ಧಕ್ಕೆ ನಿಂತು ಚಕ್ರ ತಿರುಗತೊಡಗಿದರೆ ಆಗುವ ಗಲಾಟೆ, ಏನೂ ಕೊಡದೇ ಇದ್ದಾಗಿನ ಗಲಾಟೆಗಿಂತ ದೊಡ್ಡದು.

ವಯಸ್ಸಿನ ಮಾತು. 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಇದೇ. 6 ಗಂಟೆಯ ಪ್ರಯಾಣವನ್ನು 4 ವರ್ಷದ ಮಗುವಿಗೆ ಬರೀ ಟ್ಯಾಬ್‌ನಲ್ಲಿ ಕಳೆಯುವುದು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆಂದೇ ಹೊಸ ಟ್ಯಾಬ್ ಕೊಳ್ಳಬೇಕಾ? ನನ್ನ ಉತ್ತರ, ಬೇಡ. ಹಳೆಯ ಫೋನ್ ಒಂದು ಇರುತ್ತದಲ್ಲ, ಸಿಮ್ ತೆಗೆದು ಅದರಲ್ಲೇ ನಾಲ್ಕು ಕಥೆ ತುಂಬಿಸಿ. ದುಡ್ಡು ಉಳಿಸಿ ಒಂದು ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ. ಶಬ್ದ 85 ಡೆಸಿಬೆಲ್ ದಾಟದಂತೆ ಮಾಡಿದ ಮಕ್ಕಳ ಹೆಡ್‌ಫೋನ್ ಸಿಗುತ್ತವೆ. ಕಾರಿನ ಸದ್ದಿಗೆ ಮಕ್ಕಳು ಧ್ವನಿ ಏರಿಸುತ್ತಲೇ ಹೋಗುತ್ತಾರೆ, ಅದಕ್ಕೆ.

ಕೇಳುವ ಕಥೆ

ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಕಿವಿಗೆ ಕೆಲಸ, ಕಣ್ಣಿಗೆ ಬಿಡುವು. ಸೀದಾ ದಾರಿಗೂ ಆಯಿತು, ತಿರುವಿಗೂ ಆಯಿತು. ಮಳೆಗಾಲದಲ್ಲಂತೂ ಇದಕ್ಕೆ ಸರಿಸಮ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆಗೆಯಲು ಆಗುವುದಿಲ್ಲ, ಮಂಜು ಮುಸುಕಿದರೆ ಹೊರಗೆ ಏನೂ ಕಾಣುವುದಿಲ್ಲ. ಹೊರಗೆ ನೋಡಿ ಆಡುವ ಆಟಗಳೆಲ್ಲ ಆಗ ಸೋಲುತ್ತವೆ.

ಕನ್ನಡದಲ್ಲಿ ಮಕ್ಕಳ ಕಥೆಗಳು ಮೊಬೈಲ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಮೊದಲೇ ಒಂದಿಷ್ಟು ಕೇಳಿ ನೋಡಿ ಆರಿಸಿ. ಕೆಲವು ಕಡೆ ಓದುವ ಧಾಟಿ ಪಾಠದಂತಿರುತ್ತದೆ, ಮಕ್ಕಳು ಎರಡು ನಿಮಿಷಕ್ಕೇ ಕೈಬಿಡುತ್ತಾರೆ. ಮಡಿಕೇರಿ ಆಕಾಶವಾಣಿ, ಮೈಸೂರು ಆಕಾಶವಾಣಿ ದಾರಿಯುದ್ದಕ್ಕೂ ಜೊತೆಗಿರುತ್ತವೆ. ಮೈಸೂರು ಹತ್ತಿರ ಬಂದಾಗ ನಾನು ಮಗಳಿಗೆ ಹೇಳಿದ್ದುಂಟು: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ಈ ಊರಿನಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು, ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯ ರೇಡಿಯೋದಿಂದಲೇ. "ಮನೆಯಿಂದಲೇ ರೇಡಿಯೋನಾ?" ಎಂದು ಶ್ರೀರಂಗಪಟ್ಟಣದವರೆಗೆ ಅದನ್ನೇ ಕೇಳಿದಳು.

ನಮಗೆ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಮಾತ್ರ ಒಂದು ರೂಪಾಯಿ ಖರ್ಚಿಲ್ಲದ ಉಪಾಯ. ನಮ್ಮ ಮಾವನವರಿಗೆ ಈಗ ದೂರ ಪ್ರಯಾಣ ಆಗುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಅವರ ಮುಂದೆ ಫೋನ್ ಇಟ್ಟು, "ಮಕ್ಕಳಿಗೆ ಒಂದು ಕಥೆ ಹೇಳಿ ಮಾವ" ಎಂದೆ. ತೋಟಕ್ಕೆ ಆನೆ ಬಂದ ರಾತ್ರಿಯ ಕಥೆ ಹೇಳಿದರು. ಹಲಸಿನ ಹಣ್ಣಿನ ವಾಸನೆ ಹಿಡಿದು ಬಂದದ್ದು, ತೋಟದ ಕೆಲಸಗಾರರ ಲೈನ್ ಮನೆಯವರೆಲ್ಲ ತಗಡಿನ ಡಬ್ಬ ಬಡಿದದ್ದು, ಬೆಳಿಗ್ಗೆ ಅಂಗಳದ ಕೆಸರಿನಲ್ಲಿ ಕಂಡ ಹೆಜ್ಜೆ. ಮಧ್ಯೆ ಅವರು ಕೆಮ್ಮಿದ್ದು, ಅಡುಗೆಮನೆಯಲ್ಲಿ ಪಾತ್ರೆ ಸದ್ದಾದದ್ದು ಎಲ್ಲ ಅದರಲ್ಲಿ ಇದೆ. 17 ನಿಮಿಷದ ಆ ಕಥೆಯನ್ನು ಮಕ್ಕಳು ಹೋಗುವಾಗ ಎರಡು ಸಲ, ಬರುವಾಗ ಒಂದು ಸಲ ಕೇಳಿದರು. ಅಜ್ಜ ಕೆಮ್ಮುವ ಜಾಗ ಬಂದಾಗ ಮಗ ತಾನೂ ಕೆಮ್ಮುತ್ತಾನೆ. ಮನೆಯಲ್ಲಿ ಹಿರಿಯರು ಇದ್ದರೆ ಇದೊಂದನ್ನು ಬಿಡಬೇಡಿ.

ಕೊರತೆ ಏನೆಂದರೆ, ಮೂರು ವರ್ಷದ ಒಳಗಿನವರು ಬರೀ ಕೇಳುತ್ತಾ ಕೂರುವುದು ಕಷ್ಟ. ಅವರಿಗೆ ಹಾಡು ಬೇಕು. ಇಬ್ಬರು ಮಕ್ಕಳ ವಯಸ್ಸಿನಲ್ಲಿ ಅಂತರ ಜಾಸ್ತಿ ಇದ್ದರೆ ಯಾವ ಕಥೆ ಹಾಕುವುದು ಎಂಬ ತಕರಾರೂ ಇದ್ದದ್ದೇ. ನಾವು ಸರದಿ ಇಟ್ಟಿದ್ದೇವೆ, ಒಂದು ಅವಳದ್ದು, ಒಂದು ಅವನದ್ದು.

ಬಾಯಾಟಗಳು

ಅಂತ್ಯಾಕ್ಷರಿ, ಒಗಟು, ಹೆಸರು–ಊರು–ಪ್ರಾಣಿ–ವಸ್ತು. ಇವಕ್ಕೆ ದುಡ್ಡು ಬೇಡ, ಬ್ಯಾಟರಿ ಬೇಡ. ಕಣ್ಣು ಹೊರಗೇ ಇರುತ್ತದೆ. ಆದರೆ ಯಾರಾದರೂ ನಡೆಸಬೇಕು. ಗಾಡಿ ಓಡಿಸುವವರ ತಲೆ ಮೇಲೆ ಅದನ್ನು ಹಾಕಬೇಡಿ, ತಿರುವಿನಲ್ಲಿ ಅವರ ಗಮನ ರಸ್ತೆ ಮೇಲೇ ಇರಬೇಕು. ಹಾಗಾಗಿ ಹಿಂದಿನ ಸೀಟಿನಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಇರುವ ಮನೆಯವರಿಗೆ ಇದು ಮೊದಲ ಆಯ್ಕೆ. ಇಲ್ಲದವರಿಗೆ ಎರಡನೆಯದು.

ಹೋದ ವರ್ಷ ನಾವು ಊರಿಗೆ ಬರುತ್ತಿದ್ದಾಗ ಹೂಮಳೆ, ಅಂದರೆ ತೋಟದಲ್ಲಿ ಹೂ ಅರಳಿಸುವ ಮಳೆ, ಬಿದ್ದು ಎಂಟೊಂಬತ್ತು ದಿನ ಆಗಿತ್ತು. ಸುಂಟಿಕೊಪ್ಪದ ಆಚೆ ತೋಟಗಳೆಲ್ಲ ಬೆಳ್ಳಗಿದ್ದವು. ಕಿಟಕಿ ಇಳಿಸಿದ್ದೆವು, ಮಲ್ಲಿಗೆಯಂಥ ಘಮ ಒಳಗೆಲ್ಲ ತುಂಬಿತ್ತು. ನಮ್ಮ ಅತ್ತೆ ಒಗಟು ಹಾಕಿದರು: "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು ಹೇಳು ನೋಡೋಣ?" ಉತ್ತರ ಮಲ್ಲಿಗೆ ಎಂದು ಎಲ್ಲರಿಗೂ ಗೊತ್ತು. ಮಗ ಕಿಟಕಿಯ ಕಡೆ ಬೆರಳು ಮಾಡಿ "ಕಾಪಿ ಹೂ!" ಎಂದು ಕೂಗಿದ. ಅತ್ತೆ ಒಂದು ಕ್ಷಣ ಹೊರಗೆ ನೋಡಿದರು. "ಇದೂ ಸರಿಯೇ" ಎಂದರು. ಅಲ್ಲಿಂದ ಮಡಿಕೇರಿಯವರೆಗೆ ಹೊರಗೆ ಕಂಡದ್ದಕ್ಕೆಲ್ಲ ಅವನೇ ಒಗಟು ಕಟ್ಟಿದ. ಕರಿಮೆಣಸಿನ ಬಳ್ಳಿಗೆ, ಸಿಲ್ವರ್ ಓಕ್ ಮರಕ್ಕೆ, ಲಾರಿಗೆ. ಆ ದಿನ ಹೊಟ್ಟೆ ತೊಳಸುವ ಮಾತೇ ಬರಲಿಲ್ಲ.

ದೊಡ್ಡ ಮಕ್ಕಳಿಗೆ ಗಾಡಿ ನಂಬರಿನ ಆಟ ಚೆನ್ನಾಗಿರುತ್ತದೆ. ಕೆಎ-12 ನಮ್ಮ ಮಡಿಕೇರಿ. 45 ಹುಣಸೂರು, 09 ಮತ್ತು 55 ಮೈಸೂರು, 11 ಮಂಡ್ಯ, 42 ರಾಮನಗರ, 13 ಹಾಸನ, 21 ಪುತ್ತೂರು, 19 ಮಂಗಳೂರು. ಕೆಎಲ್-13 ಕಣ್ಣೂರು, ಕೆಎಲ್-58 ತಲಶ್ಶೇರಿ. ಬೆಂಗಳೂರಿನಿಂದ ಹೊರಟಾಗ ಮೊದಲ ಕೆಎ-12 ಕಂಡವರಿಗೆ ಐದು ಅಂಕ. ಹುಣಸೂರು ದಾಟಿದ ಮೇಲೆ 12 ಸಾಲುಸಾಲಾಗಿ ಬರುತ್ತವೆ, ಆಗ ಅಂಕ ಒಂದಕ್ಕೆ ಇಳಿಸುತ್ತೇವೆ. ಮಗಳು ಇದರಿಂದಲೇ ಜಿಲ್ಲೆಗಳ ಹೆಸರು ಕಲಿತಳು.

ನದಿ ಎಣಿಸುವ ಆಟ ನಮ್ಮ ದಾರಿಗೆಂದೇ ಹೇಳಿ ಮಾಡಿಸಿದಂತಿದೆ. ಮಡಿಕೇರಿಯಿಂದ ಹೊರಟರೆ ಕುಶಾಲನಗರ ದಾಟುತ್ತಲೇ ಕಾವೇರಿ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ. ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ಅಲ್ಲಿ ಕಾವೇರಿ ಎರಡು ಸಲ. ಮದ್ದೂರಿನಲ್ಲಿ ಶಿಂಷಾ. ರಾಮನಗರದಲ್ಲಿ ಅರ್ಕಾವತಿ. ಇವೆಲ್ಲವೂ ಒಂದೋ ಕಾವೇರಿ, ಇಲ್ಲವೋ ಮುಂದೆ ಕಾವೇರಿಯನ್ನೇ ಸೇರುವಂಥವು. ತಲಕಾವೇರಿಯಲ್ಲಿ ಕಾವೇರಿ ಹುಟ್ಟುವ ಕುಂಡಿಕೆ ನೋಡಿದ ಮಕ್ಕಳಿಗೆ ಶ್ರೀರಂಗಪಟ್ಟಣದ ಸೇತುವೆ ಮೇಲೆ "ಇದು ನಮ್ಮೂರಿನ ನೀರು" ಎಂದು ಹೇಳಿ ನೋಡಿ. ಇಬ್ಬರೂ ಕತ್ತು ಉದ್ದ ಮಾಡಿ ನೋಡುತ್ತಾರೆ.

ಗೋಣಿಕೊಪ್ಪದ ಮೇಲೆ ಹುಣಸೂರಿಗೆ ಹೋಗುವವರಿಗೆ ತಿತಿಮತಿಯ ಕಾಡು ಸಿಗುತ್ತದೆ. ಆನೆ, ಜಿಂಕೆ ಹುಡುಕುವುದೇ ಅಲ್ಲಿ ಆಟ. ಕಾಡಿನಲ್ಲಿ ಗಾಡಿ ನಿಲ್ಲಿಸಬೇಡಿ, ತಿಂಡಿ ಹೊರಗೆ ಎಸೆಯಲು ಬಿಡಬೇಡಿ.

ಕೈಗೆ ಕೊಡುವ ಆಟಿಕೆ

ಸ್ಟಿಕ್ಕರ್ ಪುಸ್ತಕ, ಬಣ್ಣದ ಪೆನ್ಸಿಲ್, ಮ್ಯಾಗ್ನೆಟ್ ಸ್ಲೇಟು, ಒಂದೆಳೆ ಉಲ್ಲನ್ ದಾರ. ಎಲ್ಲ ಸೇರಿ 300 ರೂಪಾಯಿ ಒಳಗೆ ಮುಗಿಯುತ್ತದೆ. 3ರಿಂದ 6 ವರ್ಷದವರಿಗೆ ಇವು ಬಹಳ ಇಷ್ಟ. ಆದರೆ ಕಣ್ಣು ಕೆಳಗೆ ಹೋಗುತ್ತದೆ, ಹಾಗಾಗಿ ಟ್ಯಾಬ್‌ನಂತೆ ಇವೂ ಸೀದಾ ದಾರಿಗೇ. ಬಣ್ಣ ಹಚ್ಚುವುದು ಎಂದರೆ ತೊಂದರೆ ಇಲ್ಲದ ಕೆಲಸ, ಇದರಿಂದ ಏನಾಗುತ್ತದೆ ಎಂದುಕೊಳ್ಳುತ್ತಾರೆ. ತಿರುವಿನಲ್ಲಿ ಹೊಟ್ಟೆಗೆ ಎರಡೂ ಒಂದೇ.

ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ನಾನು ನಾಲ್ಕು ಸಾಮಾನನ್ನು ನಾಲ್ಕು ಪೇಪರ್ ಕವರಿಗೆ ಹಾಕಿ ಊರಿಗೊಂದರಂತೆ ತೆಗೆಯುತ್ತೇನೆ. ರಾಮನಗರಕ್ಕೆ ಒಂದು, ಮಂಡ್ಯಕ್ಕೆ ಒಂದು. ಮುಂದಿನ ಊರಿನ ಕವರಿನಲ್ಲಿ ಏನಿದೆ ಎಂದು ಊಹಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಪೆನ್ಸಿಲ್‌ಗೆ ದಾರ ಕಟ್ಟಿ ಸ್ಲೇಟಿಗೆ ಸಿಕ್ಕಿಸಿ, ಸೀಟಿನ ಕೆಳಗೆ ಬಿದ್ದದ್ದನ್ನು ಹುಡುಕುವ ಕೆಲಸ ತಪ್ಪುತ್ತದೆ. ಕ್ರೇಯಾನ್ ಬೇಡ, ಬಿಸಿಲಿಗೆ ಕರಗಿ ಸೀಟಿಗೆ ಅಂಟುತ್ತದೆ. ಚನ್ನಪಟ್ಟಣದ ಮರದ ಗೊಂಬೆ ದಾರಿಯಲ್ಲೇ ಸಿಗುವಂಥದ್ದು, ಆದರೆ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಬೇಕಾದವರು ಹಳೆಯ ರಸ್ತೆಗೆ ಇಳಿಯಬೇಕು.

ತಿಂಡಿ

ತಿಂಡಿಯೂ ಒಂದು ಆಟವೇ. ಕೊಡಗಿನ ಕಿತ್ತಳೆ ಕಾಲವಾದರೆ ಇನ್ನೇನೂ ಬೇಡ. ಸಿಪ್ಪೆ ಸುಲಿದು, ನಾರು ಬಿಡಿಸಿ, ಬೀಜ ತೆಗೆದು ತಿನ್ನಲು ಮಗುವಿಗೆ ಹದಿನೈದು ನಿಮಿಷ ಬೇಕು. ಮಂಡಕ್ಕಿ, ಬಾಳೆಹಣ್ಣು, ಒಣ ಅಕ್ಕಿರೊಟ್ಟಿಯ ತುಂಡು ಹೊಟ್ಟೆಗೆ ಹಗುರ. ಎಣ್ಣೆಯಲ್ಲಿ ಕರಿದದ್ದು, ಚಾಕಲೇಟು, ಪ್ಯಾಕೆಟ್ ಜ್ಯೂಸು ತಿರುವಿನ ಮೊದಲು ಬೇಡ. ಹಾಗೆಂದು ಪೂರಾ ಖಾಲಿ ಹೊಟ್ಟೆಯಲ್ಲೂ ಕರೆದುಕೊಂಡು ಹೋಗಬೇಡಿ, ಅದಕ್ಕೂ ಸಂಕಟ ಆಗುತ್ತದೆ.

5 ವರ್ಷದೊಳಗಿನವರಿಗೆ ಓಡುವ ಗಾಡಿಯಲ್ಲಿ ಕಡಲೆಬೀಜ, ಗಟ್ಟಿ ಪೆಪ್ಪರಮಿಂಟು, ಇಡೀ ದ್ರಾಕ್ಷಿ ಕೊಡಲೇಬೇಡಿ. ಕುಲುಕಾಟಕ್ಕೆ ಗಂಟಲಿಗೆ ಸಿಕ್ಕಿಕೊಂಡರೆ ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಸಂಪಾಜೆ ಇಳಿಯುವಾಗ ಕಿವಿ ಮುಚ್ಚಿದಂತಾಗಿ ಚಿಕ್ಕವರು ಅಳುತ್ತಾರೆ. ಒಂದೊಂದು ಗುಟುಕು ನೀರು ಕುಡಿಸಿ, ನುಂಗಿದಾಗ ಕಿವಿ ಬಿಡುತ್ತದೆ. ಕೂಸಾದರೆ ಗಾಡಿ ನಿಲ್ಲಿಸಿ ಹಾಲು ಕೊಡಿ.

ನಿದ್ದೆ: ರಾತ್ರಿ ಹೊರಡುವುದಾ, ಬೆಳಗಿನ ಜಾವವಾ?

ರಾತ್ರಿ ಹೊರಟರೆ ಮಕ್ಕಳು ಮಲಗುತ್ತಾರೆ, ನಿಜ. ಆದರೆ ಓಡಿಸುವವರಿಗೂ ನಿದ್ದೆ ಬರುವ ಹೊತ್ತು ಅದೇ. ಬೆಂಗಳೂರಿನಿಂದ ರಾತ್ರಿ ಹತ್ತಕ್ಕೆ ಬಿಟ್ಟರೆ ತಿರುವಿಗೆ ಬರುವುದು ನಡುರಾತ್ರಿ ಕಳೆದ ಮೇಲೆ, ಮಂಜಿನಲ್ಲಿ. ಆನೆ ರಸ್ತೆಗೆ ಬರುವ ಜಾಗಗಳೂ ಇವೆ. ಮಕ್ಕಳು ಸುಮ್ನೆ ಇರಲಿ ಎಂದು ಅಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಕೊಡಗಿನಿಂದ ಹೊರಡುವವರಿಗೆ ಬೆಳಗಿನ ಜಾವ ಐದು ಗಂಟೆ ಒಳ್ಳೆಯದು. ಓಡಿಸುವವರು ಹಿಂದಿನ ರಾತ್ರಿ ಬೇಗ ಮಲಗಿರಬೇಕು. ಮಕ್ಕಳನ್ನು ನಿದ್ದೆಗಣ್ಣಿನಲ್ಲೇ ಎತ್ತಿ ಕೂರಿಸಿದರೆ ತಿರುವೆಲ್ಲ ನಿದ್ದೆಯಲ್ಲೇ ಕಳೆಯುತ್ತದೆ. ಮಲಗಿದ ಮಗುವಿಗೆ ಸಂಕಟ ಕಡಿಮೆ. ಪಿರಿಯಾಪಟ್ಟಣದ ಹೊತ್ತಿಗೆ ಎಚ್ಚರ, ಹುಣಸೂರಿನಲ್ಲಿ ಇಡ್ಲಿ. ಬೆಂಗಳೂರಿನಿಂದ ಬರುವವರು ನಸುಕಿಗೆ ಹೊರಟರೆ ತಿರುವಿನ ಹೊತ್ತಿಗೆ ಮಕ್ಕಳು ಪೂರಾ ಎಚ್ಚರವಾಗಿರುತ್ತಾರೆ. ಅವರಿಗೆ ನಿದ್ದೆಯ ಉಪಾಯ ಅಷ್ಟಾಗಿ ಕೈ ಹಿಡಿಯುವುದಿಲ್ಲ. ಏರು ಶುರುವಾಗುವ ಮುಂಚೆ ಇಳಿಸಿ ಓಡಾಡಿಸುವುದೇ ಅವರಿಗೆ ಸರಿ.

ಮಲಗಿದ ಮಗುವನ್ನು ಬೆಲ್ಟ್ ಬಿಚ್ಚಿ ಮಡಿಲಿಗೆ ಹಾಕಿಕೊಳ್ಳಬೇಡಿ. ಮಗು ಎಷ್ಟೇ ರಾಗ ತೆಗೆಯಲಿ, ಇದರಲ್ಲಿ ಮಾತ್ರ ರಾಜಿ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕೂರಿಸಿದರೆ 1,000 ರೂಪಾಯಿ ದಂಡವೂ ಇದೆ.

ಇಳಿದು ಓಡುವುದು

ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಇಳಿಸಿದರೆ ಮೇಲಿನ ಎಲ್ಲ ಉಪಾಯಗಳೂ ಎರಡರಷ್ಟು ಕೆಲಸ ಮಾಡುತ್ತವೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ ಹತ್ತಿದ ಮೇಲೆ ಬೇಕಾದಲ್ಲಿ ನಿಲ್ಲಿಸುವಂತಿಲ್ಲ. ಹತ್ತುವ ಮೊದಲೇ ಮಕ್ಕಳಿಗೆ ಒಂದಕ್ಕೆ ಮಾಡಿಸಿಕೊಳ್ಳಿ.

ಸಮಯ ಇರುವವರಿಗೆ ಬೈಲಕುಪ್ಪೆಯಲ್ಲಿ ಟಿಬೆಟನ್ನರ ನಾಮ್ಡ್ರೋಲಿಂಗ್ ಬೌದ್ಧ ಮಠ ಇದೆ. ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು, ಒಂದು ಗಂಟೆಯಾದರೂ ಬೇಕು. ಒಳಗಿನ ಮೂರು ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳ ಮುಂದೆ ಎಂಥ ಚೇಷ್ಟೆಯ ಮಗುವೂ ಬಾಯಿ ತೆರೆದು ನಿಲ್ಲುತ್ತದೆ. ಆದರೆ ಓಡಿ ಆಡುವ ಜಾಗ ಅದಲ್ಲ. ಕಾಲು ಬಿಡಿಸಿ ಓಡಬೇಕೆಂದರೆ ಕುಶಾಲನಗರ ದಾಟಿದ ಕೂಡಲೇ ಸಿಗುವ ಕಾವೇರಿ ನಿಸರ್ಗಧಾಮ ಒಳ್ಳೆಯದು. ತೂಗುಸೇತುವೆ, ಬಿದಿರು ಮೆಳೆ, ಜಿಂಕೆ ಎಲ್ಲ ಇವೆ. ಏರು ಶುರುವಾಗುವ ಮೊದಲಿನ ಕೊನೆಯ ನಿಲ್ದಾಣ ಎಂದೇ ಇಟ್ಟುಕೊಳ್ಳಿ. ಟಿಕೆಟ್ ದುಡ್ಡು ಉಳಿಸಬೇಕೆಂದರೆ ಪೆಟ್ರೋಲ್ ಬಂಕಿನ ಪಕ್ಕದ ಬಯಲೂ ಸಾಕು. ಮಗುವಿಗೆ ಓಡಲು ಜಾಗ ಮುಖ್ಯ.

ನಿಮ್ಮ ಮನೆಗೆ ಯಾವುದು

ಒಂದೂವರೆ ವರ್ಷದ ಕೂಸಿದ್ದರೆ ಹಾಡು, ನಿದ್ದೆ, ಪದೇ ಪದೇ ನಿಲ್ಲಿಸುವುದು. ಬೇರೆ ಏನನ್ನೂ ಕೊಳ್ಳಬೇಡಿ. 3ರಿಂದ 6 ವರ್ಷದವರಿಗೆ ಮೈಸೂರಿನವರೆಗೆ ಪೇಪರ್ ಕವರುಗಳು, ಅಲ್ಲಿಂದ ಮುಂದೆ ಅಜ್ಜನ ಕಥೆ ಮತ್ತು ಒಗಟು. 7 ದಾಟಿದವರಿಗೆ ನಂಬರಿನ ಆಟ, ನದಿ ಎಣಿಕೆ. ನಡುವೆ ಒಂದು ಗಂಟೆ ಟ್ಯಾಬ್ ಕೊಟ್ಟರೂ ತಪ್ಪಿಲ್ಲ. ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ವಾಂತಿಯ ತೊಂದರೆ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ, ತಿರುವಿನಲ್ಲಿ ಇಬ್ಬರಿಗೂ ಪರದೆ ಬೇಡ. ಪಕ್ಕದವರ ಕೈಯಲ್ಲಿರುವುದನ್ನು ಇಣುಕಿ ನೋಡದೆ ಯಾವ ಮಗುವೂ ಇರುವುದಿಲ್ಲ.

500 ರೂಪಾಯಿಯೊಳಗೆ ಮುಗಿಸಬೇಕೆಂದರೆ ಸ್ಟಿಕ್ಕರ್ ಪುಸ್ತಕ, ಸ್ಲೇಟು, ಕಿತ್ತಳೆ, ರೆಕಾರ್ಡ್ ಮಾಡಿದ ಕಥೆ. ಸಾವಿರ ಎರಡು ಸಾವಿರ ಇಡಬಹುದೆಂದರೆ ಮಕ್ಕಳ ಹೆಡ್‌ಫೋನ್ ಮತ್ತು ಸೀಟಿನ ಹೋಲ್ಡರ್ ಸೇರಿಸಿ, ಪರದೆಗೆ ಹಳೆಯ ಫೋನ್. ಅದಕ್ಕಿಂತ ಜಾಸ್ತಿ ಖರ್ಚು ಮಾಡುವ ಶಕ್ತಿ ಇದ್ದು, ಮಗುವಿಗೆ ಇನ್ನೂ ಸರಿಯಾದ ಮಕ್ಕಳ ಸೀಟ್ ಇಲ್ಲದಿದ್ದರೆ, ಟ್ಯಾಬ್ ಮರೆತು ಮೊದಲು ಅದನ್ನು ತನ್ನಿ. ಎತ್ತರಕ್ಕೆ ಕೂತ ಮಗುವಿಗೆ ಕಿಟಕಿಯ ಹೊರಗೆ ಚೆನ್ನಾಗಿ ಕಾಣುತ್ತದೆ, ಅರ್ಧ ಸಂಕಟ ಅಲ್ಲೇ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಪ್ರತಿ ಸಲ ವಾಂತಿಯಾಗುವ ಮಗುವಾದರೆ, ಹೊರಡುವ ಮುನ್ನ ಮಕ್ಕಳ ಡಾಕ್ಟರನ್ನು ಕೇಳಿ. ಔಷಧಿಯನ್ನು ಪ್ರಯಾಣಕ್ಕೆ ಸ್ವಲ್ಪ ಮೊದಲೇ ಕೊಡಬೇಕಾಗುತ್ತದೆ, ಎಷ್ಟು ಎಂಬುದು ವಯಸ್ಸು ಮತ್ತು ತೂಕದ ಮೇಲೆ ಹೋಗುತ್ತದೆ. ಅಕ್ಕನಿಗೆ ಕೊಟ್ಟದ್ದನ್ನೇ ತಮ್ಮನಿಗೂ ಕೊಡುವಂತಿಲ್ಲ. ಬೆಂಗಳೂರಿನಿಂದ ಬರುವವರು ನೆನಪಿಡಿ, ನಿಮ್ಮ ತಿರುವು ಶುರುವಾಗುವುದು ಹೊರಟು ನಾಲ್ಕೈದು ಗಂಟೆ ಆದ ಮೇಲೆ. ಔಷಧಿ ಮನೆಯಲ್ಲೇ ಕೊಡುವುದಾ, ದಾರಿಯಲ್ಲಿ ಪಿರಿಯಾಪಟ್ಟಣದ ಹತ್ತಿರ ಕೊಡುವುದಾ ಎಂದು ಡಾಕ್ಟರ ಹತ್ತಿರವೇ ಕೇಳಿ ಬರೆದುಕೊಳ್ಳಿ. ಅದರ ಜೊತೆಗೆ ನಾಲ್ಕು ದಪ್ಪ ಕವರು, ಒಂದು ಒದ್ದೆ ಬಟ್ಟೆ, ಒಂದು ಜೊತೆ ಉಡುಪು ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವಲ್ಲಿ ಇರಲಿ.